ಎರೆಮಣ್ಣಿನಲ್ಲಿ ಸಂಡಾಸದ ಪೈಪು
ಆಳಂದ, ಅಫಜಲಪುರ, ಜೇವರ್ಗಿಯ ಹಳೆಯ ಮನೆಗಳಲ್ಲಿ ಕುಕ್ಕರಗಾಲಲ್ಲಿ ಕೂರುವ ಸಂಡಾಸ ಕಿತ್ತು ಕಮೋಡ್ ಕೂಡಿಸುತ್ತಿದ್ದಾರೆ. ಮೊಣಕಾಲು ನೋಯುವ ಹಿರಿಯರಿಗೆ ಅದು ಬೇಕೇಬೇಕು. ಆದರೆ ಅಂಗಡಿಗೆ ಹೋಗುವ ಮೊದಲು ಪೈಪು ನೋಡಿ: ನೆಲದಲ್ಲಿದ್ದರೆ ಎಸ್ ಟ್ರ್ಯಾಪ್, ಗೋಡೆಯಲ್ಲಿದ್ದರೆ ಪಿ ಟ್ರ್ಯಾಪ್. ನೆಲದ ಪೈಪಾದರೆ ಗೋಡೆಯಿಂದ ಅದರ ನಡುವಿನವರೆಗಿನ ಅಂತರವನ್ನು ಟೈಲ್ಸ್ ದಪ್ಪವನ್ನೂ ಲೆಕ್ಕಹಿಡಿದು ಅಳೆಯಬೇಕು. ಅಳತೆ ತಪ್ಪಿತೆಂದು ಎಲ್ಬೋ ಮೇಲೆ ಎಲ್ಬೋ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ, ಕಟ್ಟುವುದು ಆ ತಿರುವಿನಲ್ಲೇ. ನಮ್ಮ ಕಡೆಯ ದೊಡ್ಡ ತೊಂದರೆ ಮಾತ್ರ ನೆಲದ್ದು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿಬಿಡುತ್ತದೆ. ಅದರಲ್ಲಿ ಹಾಗೇ ಹೂತ 4 ಇಂಚಿನ ಪೈಪಿನ ಇಳಿಜಾರು ಕೆಟ್ಟು ಜೋಡಣೆ ಬಿಡುತ್ತದೆ, ಹೊಲಸು ನೀರು ಪಾಯಕ್ಕೆ ಇಳಿಯುತ್ತದೆ. ಎರೆ ತೆಗೆಸಿ, ಉಸುಕು ಹಾಸಿ, ನಾಲ್ಕೈದು ಅಡಿಗೆ ಒಂದು ಇಂಚು ಇಳಿಜಾರು ಕೊಡಿಸಿ, ಮೇಲೆ ಗರಸು ತುಂಬಿಸಿ. ಮುಚ್ಚುವ ಮೊದಲು ನೀರು ಬಿಟ್ಟು ತೋರಿಸಲು ಗೌಂಡಿಗೆ ಹೇಳಿ. ಗಾಳಿ ಪೈಪು ಹಾಕದೆ ಬಿಟ್ಟರೆ ಟ್ರ್ಯಾಪಿನ ನೀರು ಎಳೆದುಹೋಗಿ ಮನೆಯೆಲ್ಲ ವಾಸನೆ. ಪೈಪು ತಿರುಗುವಲ್ಲಿ ಚೇಂಬರ್ ಇರಲೇಬೇಕು, ಕಟ್ಟಿದ್ದನ್ನು ಹೊರಗಿನಿಂದಲೇ ಬಿಡಿಸುವಂತಿರಬೇಕು. ಅದಕ್ಕೆಂದು ರಕ್ಷಣೆಯಿಲ್ಲದೆ ಮನುಷ್ಯರನ್ನು ಸಂಡಾಸದ ಗುಂಡಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ.