ಹೊಳೆ ಖಾಲಿ ಸೈಟಲ್ಲ

ಹಿರಿಯೂರು ಕಡೆಯ ನಮ್ಮ ಜವನಗೊಂಡನಹಳ್ಳಿಯಲ್ಲಿ ಸೈಕಲ್ ತುಳಿಯುವವರು ಯಾರು ಗೊತ್ತಾ? ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವರು. ಹೈಸ್ಕೂಲಿಗೆ ಹೋಗುವ ಮಕ್ಕಳು. ಪಕ್ಕದಲ್ಲೇ 48ನೇ ರಾಷ್ಟ್ರೀಯ ಹೆದ್ದಾರಿ. ಪುಣೆ ಕಡೆ ಓಡುವ ಲಾರಿಯ ಗಾಳಿಗೇ ಸೈಕಲ್ಲು ಓಲಾಡುತ್ತದೆ. ಹುಡುಗಿ ಕಾಲು ಕೆಳಗೂರಿ ನಿಲ್ಲುತ್ತಾಳೆ. ಲಾರಿ ದಾಟಿದ ಮೇಲೆ ಮತ್ತೆ ತುಳಿಯುತ್ತಾಳೆ. ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು, ಕೋವಿಡ್ ಕಾಲಕ್ಕೆ ನಿಂತಿತು. ಸೈಕಲ್ಲಾದರೂ ಒಂದಷ್ಟು ವರ್ಷ ಬಂತು. ದಾರಿ ಬರಲೇ ಇಲ್ಲ.

ದಾರಿ ಬಂದದ್ದು ಎಲ್ಲಿಗೆ? ಮಂಗಳೂರಿನ ನೇತ್ರಾವತಿಯ ಅಂಚಿಗೆ!

2015ರಲ್ಲಿ ಕೇಂದ್ರ ಸರ್ಕಾರ ಸಾರಿದ ಸ್ಮಾರ್ಟ್ ಸಿಟಿ ಯೋಜನೆಯ ದುಡ್ಡು. ರೈಲು ಸೇತುವೆ ಕಡೆಯಿಂದ ಬೋಳಾರದ ಕಡೆಗೆ, ಹೊಳೆಯ ಮಗ್ಗುಲಲ್ಲೇ ನಡೆಯುವ ದಾರಿ, ಸೈಕಲ್ ದಾರಿ. ಆ ಮಗ್ಗುಲಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿವೆ. ಮಣ್ಣು ಸುರಿಯುತ್ತಿದ್ದಾರೆ, ಕಾಂಡ್ಲಾ ಸಾಯುತ್ತಿದೆ ಎಂದು ಅಲ್ಲಿನ ಪರಿಸರ ಹೋರಾಟಗಾರರು ಕೂಗಿಕೊಂಡರು. ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅಲ್ಲಿಯವರೆಗೆ ಹೋಗದೆ ಈ ನಾಡಿನಲ್ಲಿ ಯಾವ ಹೊಳೆಯ ಮಾತು ಯಾರ ಕಿವಿಗೆ ಬಿದ್ದಿದೆ?

ಆ ಕೆಸರಿಗೆ ಇಳಿದು ನೋಡಿ. ಕಾಂಡ್ಲಾ ಜಾತಿಯದೇ ಆದ ಉಪ್ಪಟ್ಟಿ ಮರದ ಸುತ್ತ ಪೆನ್ಸಿಲ್ ನೆಟ್ಟಂತೆ ನೂರಾರು ಬೇರುಗಳು ಮೇಲೆದ್ದು ನಿಂತಿರುತ್ತವೆ. ನಮ್ಮ ಬೇವಿನ ಬೇರು ನೀರು ಹುಡುಕಿ ಕೆಳಗಿಳಿಯುತ್ತದೆ. ಇವು ಗಾಳಿ ಹುಡುಕಿ ಮೇಲೇರುತ್ತವೆ. ಕೆಸರೊಳಗೆ ಉಸಿರಿಲ್ಲ, ಅದಕ್ಕೆ. ಭರತ ಬಂದಾಗ ಮುಳುಗುತ್ತವೆ, ಇಳಿತಕ್ಕೆ ತಲೆ ಎತ್ತಿ ಉಸಿರಾಡುತ್ತವೆ. ಆ ಬೇರಿನ ಸಂದಿಯಲ್ಲೇ ಸಿಗಡಿ ಮರಿ, ಏಡಿ, ಮೀನಿನ ಮರಿ. ಹೊಳೆಯ ಬಾಣಂತಿ ಕೋಣೆ ಅದು.

ಅದರ ಮೇಲೆ ಒಂದು ಟಿಪ್ಪರ್ ಕೆಂಪು ಮಣ್ಣು ಸುರಿದರೆ ಏನಾಗುತ್ತದೆ? ಕೊಡಲಿ ಬೇಕಿಲ್ಲ. ಗರಗಸ ಬೇಕಿಲ್ಲ. ಮಲಗಿದವನ ಮೂಗು ಬಾಯಿ ಒತ್ತಿ ಹಿಡಿದಂತೆ. ಮರ ನಿಂತಲ್ಲೇ ಒಣಗುತ್ತದೆ. ಕಡಿದ ಲೆಕ್ಕ ಯಾವ ಕಡತದಲ್ಲೂ ಬರುವುದಿಲ್ಲ.

ಕಾನೂನು ಇರಲಿಲ್ಲವೇ? ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಲ್ಲೇ ಬಂತು. 2011ರಲ್ಲಿ ತಿದ್ದಿದರು. 2019ರಲ್ಲಿ ಮತ್ತೆ ತಿದ್ದಿದರು. ಎಷ್ಟು ತಿದ್ದಿದರೂ ಕಾಂಡ್ಲಾ ಕಾಡನ್ನು ಅತಿ ಸೂಕ್ಷ್ಮ ಪಟ್ಟಿಯಿಂದ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಕಾಗದದ ಮೇಲೆ ಅದು ಮುಟ್ಟಬಾರದ ಜಾಗ. ನೆಲದ ಮೇಲೆ? ನಕ್ಷೆ ಬರೆದವನು ಆ ಕೆಸರಿಗೆ ಒಂದು ದಿನ ಇಳಿದಿದ್ದನೇ? ಸಹಿ ಹಾಕಿದವನು ಭರತದ ಹೊತ್ತಿಗೆ ಅಲ್ಲಿ ನಿಂತಿದ್ದನೇ? ಅವರ ಕಣ್ಣಿಗೆ ಕಂಡದ್ದು ಖಾಲಿ ಸೈಟು.

ಹೊಳೆ ಖಾಲಿ ಸೈಟಲ್ಲ ಸ್ವಾಮಿ! 1974ರ ನೆರೆಯನ್ನು ಬಂಟ್ವಾಳ, ಉಪ್ಪಿನಂಗಡಿಯ ಹಿರಿಯರು ಇನ್ನೂ ಹೇಳುತ್ತಾರೆ. 2019ರ ಆಗಸ್ಟ್‌ನಲ್ಲಿ ಅದೇ ಹೊಳೆ ಮತ್ತೆ ಮನೆಗಳಿಗೆ ನುಗ್ಗಿತು. ಹಿಗ್ಗುವ ಹೊಳೆಗೆ ಜಾಗ ಬೇಕು. ಆ ಜಾಗಕ್ಕೇ ನೀವು ಗೋಡೆ ಕಟ್ಟಿದರೆ ನೀರು ಎಲ್ಲಿಗೆ ಹೋಗಬೇಕು? ತುಂಬೆಯ ಅಣೆಕಟ್ಟಿನಿಂದ ದಿನಾ ಇದೇ ಹೊಳೆಯ ನೀರು ಕುಡಿಯುವ ಊರು ಮಂಗಳೂರು. ಹಾಲು ಕುಡಿಸಿದ ತಾಯಿಯ ಹೊಟ್ಟೆಯ ಮೇಲೇ ಕಾಂಕ್ರೀಟ್ ಹಾಸುವುದೇ?

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಅದೇ ದಡದಲ್ಲಿ ಯಾರೋ ಸಾಹುಕಾರ ರೆಸಾರ್ಟ್ ಕಟ್ಟಲು ಬಂದಿದ್ದರೆ ಬೀದಿಗಿಳಿಯುತ್ತಿದ್ದೆವು. ಸೈಕಲ್ ಅಂದರು, ಸುಮ್ಮನಾದೆವು. ಸೈಕಲ್ ಅಂದರೆ ಹೊಗೆ ಇಲ್ಲ, ಸದ್ದಿಲ್ಲ, ಪಾಪ ಇಲ್ಲ. ಅಲ್ಲವೇ? ದಾರಿಗೆ ಹಸಿರು ಬಣ್ಣ ಬಳಿದರೆ ಕೆಳಗೆ ಸತ್ತ ಹಸಿರು ಕಾಣುವುದಿಲ್ಲ. ಇದು ವಂಚನೆ. ಚಪ್ಪಾಳೆ ತಟ್ಟಿದ ನಾವೆಲ್ಲ ಅದರಲ್ಲಿ ಪಾಲುದಾರರು.

ಬಯಲುಸೀಮೆಯವನಿಗೆ ಕರಾವಳಿಯ ಉಸಾಬರಿ ಯಾಕೆ ಅಂತೀರಾ? ಹೊಳೆ ಸಾಯುವುದನ್ನು ಕಣ್ಣಾರೆ ಕಂಡವನು ನಾನು. ಹಿರಿಯೂರಿಗೆ ಹೋದರೆ ವೇದಾವತಿ. ಬೇಸಿಗೆಯಲ್ಲೂ ಮರಳನ್ನು ಕೈಯಲ್ಲಿ ತೋಡಿದರೆ ಒರತೆ ಜಿನುಗುತ್ತಿತ್ತು. ಹೆಂಗಸರು ಚಂಬಿನಲ್ಲಿ ಮೊಗೆದು, ಸೀರೆ ಸೆರಗಿನಲ್ಲಿ ಸೋಸಿ, ಕೊಡ ತುಂಬುತ್ತಿದ್ದರು. ಮೊದಲು ಎತ್ತಿನ ಗಾಡಿ ಬಂತು. ಆಮೇಲೆ ಟ್ರ್ಯಾಕ್ಟರ್. ಆಮೇಲೆ ರಾತ್ರಿ ಹೊತ್ತು ಟಿಪ್ಪರ್. ಒಂದು ಲೋಡು ತಾನೇ, ಹೊಳೆಗೇನಾಗುತ್ತದೆ ಅಂದೆವು. ಮರಳು ಹೋಯಿತು. ಒರತೆ ಹೋಯಿತು. ಹೊಂಡ ಉಳಿಯಿತು, ಹೊಂಡದ ತುಂಬ ಬಳ್ಳಾರಿ ಜಾಲಿ. ಇದೇ ಹೊಳೆಗೆ ಮಾರಿ ಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 89 ವರ್ಷದ ಮೇಲೆ, 2022ರಲ್ಲಿ. ಊರೂರಿನ ಜನ ಬಾಗಿನ ಹಿಡಿದು ಓಡಿದರು. ನೀರು ಬಂತು. ಮರಳು ಬಂತಾ? ಅಣೆಕಟ್ಟು ದಾಟಿ ಮರಳು ಇಳಿಯುವುದಿಲ್ಲ. ಕಳಕೊಂಡದ್ದು ಕಳಕೊಂಡಂತೆಯೇ.

ಸೈಕಲ್ ದಾರಿ ಬೇಡ ಅನ್ನುವವನಲ್ಲ ನಾನು. ಬೇಕು. ಹೆದ್ದಾರಿ ಮಗ್ಗುಲಲ್ಲಿ ಜೀವ ಕೈಯಲ್ಲಿ ಹಿಡಿದು ತುಳಿಯುವ ಆ ಹುಡುಗಿಗೆ ಬೇಕು. ಮಂಗಳೂರಿನ ರಸ್ತೆಗಳಲ್ಲಿ ಕೆಲಸಕ್ಕೆ ಹೋಗುವ ಕೂಲಿಯವನಿಗೆ ಬೇಕು. ರಸ್ತೆಯಲ್ಲಿ ಕಾರಿನಿಂದ ಒಂದು ಗೇಣು ಕಿತ್ತುಕೊಳ್ಳುವ ತಾಕತ್ತಿಲ್ಲದವರು ಹೊಳೆಯಿಂದ ಕಿತ್ತುಕೊಳ್ಳುತ್ತಾರೆ. ಕಾರಿನವನಿಗೆ ಓಟಿದೆ, ಫೋನಿದೆ, ಪರಿಚಯದ ಶಾಸಕರಿದ್ದಾರೆ. ಏಡಿಗೆ ಯಾರಿದ್ದಾರೆ?

ಬೇಡಿಕೊಂಡರೆ ಅಧಿಕಾರಿಗಳು ಕೇಳುವುದಿಲ್ಲ. ಬರವಣಿಗೆಯಲ್ಲಿ ಕೇಳಿ. ನಿಮ್ಮೂರ ಹೊಳೆ ದಡದಲ್ಲಿ ಯಾವ ಕಾಮಗಾರಿ ಶುರುವಾದರೂ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಒಪ್ಪಿಗೆ ಕೊಟ್ಟವರು ಯಾರು, ಯಾವ ನಕ್ಷೆಯ ಮೇಲೆ, ಸುರಿಯುವ ಮಣ್ಣು ಎಷ್ಟು, ಎಲ್ಲಿಂದ ತಂದದ್ದು ಎಂದು ಬರೆಯಿರಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. 30 ದಿನದೊಳಗೆ ಅವರು ಉತ್ತರ ಕೊಡಲೇಬೇಕು.