ಬ್ಲಾಕ್ ಮಾಡಿದ್ರೂ ಲೈಫ್ ಹೋಗುತ್ತೆ

ಬ್ಯಾಂಕ್ ಆ್ಯಪ್‌ನ ಪಾಸ್‌ವರ್ಡನ್ನ ತಿಂಗಳಿಗೊಮ್ಮೆ ಮರೆಯೋ ನಾನು ಇದೊಂದನ್ನ ಮಾತ್ರ ಯಾವತ್ತೂ ಮರೆತಿಲ್ಲ: ಕೆಳಗೆ, ಓರೆಯಾಗಿ ಮುಂದಕ್ಕೆ, ಮುಂದಕ್ಕೆ, ಪಂಚ್. ಇಷ್ಟು ಒತ್ತಿದ್ರೆ ರಿಯು ಎರಡೂ ಅಂಗೈ ಚಾಚಿ ‘ಹಡೋಕೆನ್’ ಅಂತಾನೆ, ಬೆಂಕಿ ಉಂಡೆಯೊಂದು ಎದುರಾಳಿ ಕಡೆ ಹೊರಡುತ್ತೆ. ಇದನ್ನ ಓದುವಾಗ ನಿಮ್ಮ ಎಡಗೈ ಹೆಬ್ಬೆರಳು ತಾನಾಗೇ ಅಲ್ಲಾಡಿದ್ರೆ, ಈ ವಾರದ ಅಂಕಣ ನಿಮಗೇ.

‘ಸ್ಟ್ರೀಟ್ ಫೈಟರ್ 2’ ಬಂದಿದ್ದು 1991ರಲ್ಲಿ. ನಾನಿನ್ನೂ ಹುಟ್ಟಿರಲಿಲ್ಲ. ಜಪಾನಿನ ಕ್ಯಾಪ್‌ಕಾಮ್ ಕಂಪನಿ ಇದನ್ನ ಮಾಡಿದ್ದು ಆರ್ಕೇಡ್‌ಗೆ, ಅಂದ್ರೆ ನಾಣ್ಯ ಹಾಕಿ ಆಡೋ ದೊಡ್ಡ ಪೆಟ್ಟಿಗೆಗೆ. ಒಂದು ಜಾಯ್‌ಸ್ಟಿಕ್, ಆರು ಬಟನ್. ಮೂರು ಪಂಚ್‌ಗೆ, ಮೂರು ಕಿಕ್‌ಗೆ. ಆರಿಸಿಕೊಳ್ಳೋಕೆ ಎಂಟು ಜನ, ಅದರಲ್ಲೊಬ್ಬ ನಮ್ಮ ದೇಶದ ಯೋಗಿ ಧಾಲ್ಸಿಮ್. ಕೈಕಾಲು ರಬ್ಬರ್ ಥರ ಉದ್ದ ಮಾಡ್ತಾನೆ, ಬಾಯಿಂದ ಬೆಂಕಿ ಉಗುಳ್ತಾನೆ, ಹಿಂದೆ ಆನೆಗಳು ನಿಂತಿರ್ತವೆ. ಯೋಗ ಅಂದ್ರೆ ಹೀಗೆ ಅಂತ ಜಪಾನಿನವರಿಗೆ ಯಾರು ಹೇಳಿದ್ರೋ!

ನಾವು ಆಡಿದ್ದು ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ, ಲ್ಯಾಪ್‌ಟಾಪಿನ ಎಮ್ಯುಲೇಟರ್‌ನಲ್ಲಿ. ಒಂದೇ ಕೀಬೋರ್ಡ್, ಇಬ್ಬರು. ನಾನು ರಿಯು, ರೂಮ್‌ಮೇಟ್ ಧಾಲ್ಸಿಮ್. ಅಗ್ಗದ ಕೀಬೋರ್ಡ್‌ಗಳಲ್ಲಿ ಒಟ್ಟಿಗೆ ನಾಲ್ಕೈದು ಕೀ ಒತ್ತಿದ್ರೆ ಒಂದೆರಡು ಕೆಲಸ ಮಾಡಲ್ಲ. ಹಾಗಾಗಿ ಸೋತಾಗಲೆಲ್ಲ ನನ್ನದು ಒಂದೇ ಡೈಲಾಗ್: “ಕೀಬೋರ್ಡ್ ಸರಿ ಇಲ್ಲ ಮಗಾ.” ಅವನದ್ದು ಒಂದೇ ಉತ್ತರ: “ನಂದೂ ಅದೇ ಕೀಬೋರ್ಡ್ ಕಣೋ.”

ಈಗಿನ ಗೇಮ್‌ಗಳ ಗ್ರಾಫಿಕ್ಸ್ ಮುಂದೆ ಇದು ಏನೂ ಅಲ್ಲ. ಆದ್ರೂ ಯಾಕೆ ಇನ್ನೂ ಆಡ್ತಾರೆ?

ಒಂದು ಕಾರಣ ನಮ್ಮ ವೃತ್ತಿಯವರಿಗೆ ಖುಷಿ ಕೊಡುವಂಥದ್ದು. ಒಂದು ಏಟು ಮುಗಿಯುವ ಮೊದಲೇ ಇನ್ನೊಂದನ್ನ ಜೋಡಿಸೋ ‘ಕಾಂಬೋ’ ಇದೆಯಲ್ಲ, ಅದನ್ನ ಯಾರೂ ಡಿಸೈನ್ ಮಾಡಿರಲಿಲ್ಲ. ಕಾರು ಒಡೆಯೋ ಬೋನಸ್ ಹಂತವನ್ನ ಪರೀಕ್ಷೆ ಮಾಡ್ತಿದ್ದಾಗ, ಸರಿಯಾದ ಕ್ಷಣಕ್ಕೆ ಒತ್ತಿದ್ರೆ ಹೆಚ್ಚುವರಿ ಏಟು ಬೀಳೋದು ಕ್ಯಾಪ್‌ಕಾಮ್‌ನ ನೊರಿಟಾಕ ಫುನಮಿಜು ಕಣ್ಣಿಗೆ ಬಿತ್ತು. ಇಷ್ಟು ಕಷ್ಟದ ಟೈಮಿಂಗ್ ಯಾರಿಗೂ ಸಿಗಲ್ಲ ಅಂತ ಹಾಗೇ ಬಿಟ್ಟರು. ಜನರಿಗೆ ಸಿಕ್ಕಿತು. ಆಮೇಲೆ ಬಂದ ಫೈಟಿಂಗ್ ಗೇಮ್‌ಗಳೆಲ್ಲ ಅದರ ಮೇಲೇ ನಿಂತಿವೆ. ನಾವೂ ಬಗ್ ರಿಪೋರ್ಟ್ ಮುಚ್ಚುವ ಮುಂಚೆ ಒಂದು ಸಲ ಯೋಚಿಸಬಹುದೇನೋ.

ಎರಡನೇ ಕಾರಣ, ಇದು ಬೆರಳಿಗಿಂತ ಹೆಚ್ಚಾಗಿ ತಲೆಯ ಆಟ. ನಾನು ಬೆಂಕಿ ಉಂಡೆ ಎಸೀತೀನಿ. ಅದರ ಮೇಲಿಂದ ಹಾರಿ ಬರಬೇಕು ಅಂತ ಎದುರಿನವನಿಗೆ ಅನ್ಸುತ್ತೆ. ಹಾರ್ತಾನೆ ಅಂತ ಗೊತ್ತಿದ್ರೆ ನಾನು ಕೆಳಗೆ ಕಾಯ್ದು ಮೇಲ್ಮುಖವಾಗಿ ಗುದ್ದುತೀನಿ. ಕಾಯ್ತಿದೀನಿ ಅಂತ ಗೊತ್ತಾದ್ರೆ ಅವನು ಹಾರೋದೇ ಇಲ್ಲ. ನೂರು ಮ್ಯಾಚ್ ಆದಮೇಲೆ ಎದುರಿನವನ ಸ್ವಭಾವವೇ ಕಾಣೋಕೆ ಶುರುವಾಗುತ್ತೆ.

ಇನ್ನೊಂದು ನಿಯಮ ಇದೆ. ಹಿಂದಕ್ಕೆ ಒತ್ತಿ ಬ್ಲಾಕ್ ಮಾಡಿದ್ರೆ ಮಾಮೂಲಿ ಏಟು ತಾಗಲ್ಲ. ಆದ್ರೆ ಸ್ಪೆಷಲ್ ಏಟುಗಳು ಬ್ಲಾಕ್ ಮಾಡಿದ್ರೂ ಚೂರು ಚೂರು ಲೈಫ್ ತಿನ್ನುತ್ತವೆ. ಮೂಲೇಲಿ ಬ್ಲಾಕ್ ಮಾಡ್ಕೊಂಡೇ ಕೂತವನು ನಿಧಾನಕ್ಕೆ ಸೋಲ್ತಾನೆ.

2004ರಲ್ಲಿ ಕ್ಯಾಲಿಫೋರ್ನಿಯಾದ ‘ಇವೋ’ ಟೂರ್ನಿಯಲ್ಲಿ ದೈಗೋ ಉಮೆಹಾರಾ ಇದ್ದಿದ್ದು ಇದೇ ಸ್ಥಿತಿಯಲ್ಲಿ. ಆಟ ಇದರ ಮುಂದಿನ ಪೀಳಿಗೆಯ ‘ಥರ್ಡ್ ಸ್ಟ್ರೈಕ್’, ಎದುರಿಗೆ ಜಸ್ಟಿನ್ ವಾಂಗ್. ದೈಗೋಗೆ ಉಳಿದಿದ್ದು ಕೂದಲೆಳೆಯಷ್ಟು ಲೈಫ್. ಬ್ಲಾಕ್ ಮಾಡಿದ್ರೂ ಕಥೆ ಮುಗೀತು. ಆ ಆಟದಲ್ಲಿ ಇನ್ನೊಂದೇ ದಾರಿ: ಪ್ರತಿ ಏಟು ತಾಗೋ ಕ್ಷಣಕ್ಕೆ ಸರಿಯಾಗಿ, ಹಿಂದಕ್ಕಲ್ಲ, ಏಟಿನ ಕಡೆಗೇ ಒತ್ತಬೇಕು. ಸ್ವಲ್ಪ ತಪ್ಪಿದ್ರೂ ಸೋಲು. ಅವನು ಸಾಲಾಗಿ 15 ಏಟು ಹಾಗೇ ತಡೆದು, ತಿರುಗಿ ಹೊಡೆದು ಗೆದ್ದ. ಆ ವಿಡಿಯೋದಲ್ಲಿ ಜನ ಕಿರುಚೋದನ್ನ ಕೇಳಿದ್ರೆ ಈಗಲೂ ಮೈ ಜುಂ ಅನ್ನುತ್ತೆ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಅಂದ್ರೆ, ಆ ಟೂರ್ನಿಯನ್ನ ದೈಗೋ ಗೆಲ್ಲಲಿಲ್ಲ. ಫೈನಲ್‌ನಲ್ಲಿ ಸೋತ.

ಈಗ ನನ್ನ ರೂಮ್‌ಮೇಟ್ ವಿಷಯಕ್ಕೆ ಬರ್ತೀನಿ (ಅವನ ಒಪ್ಪಿಗೆ ತಗೊಂಡೇ ಬರೀತಿದೀನಿ). ಹೋದ ವರ್ಷ ಅವನ ಕೆಲಸ ಹೋಯ್ತು. ಹದಿನೈದು ನಿಮಿಷದ ಒಂದು ಕಾಲ್, ಅಷ್ಟೇ. ನನಗೆ ಗೊತ್ತಾಗಿದ್ದು ಬೇರೆ ಯಾರಿಂದಲೋ. ಫೋನ್ ಮಾಡಿದ್ರೆ ಎತ್ತಲ್ಲ, ಮೆಸೇಜ್‌ಗೆ ಬರೀ ನೀಲಿ ಟಿಕ್. ‘ಹೇಗಿದೀಯ’ ಅಂತ ಕೇಳಿ ಕೇಳಿ ನನಗೇ ಸಾಕಾಯ್ತು. ಒಂದು ಭಾನುವಾರ ರಾತ್ರಿ ಸುಮ್ಮನೆ ‘ಆಡ್ತೀಯಾ?’ ಅಂತ ಕಳಿಸಿದೆ. ಎರಡೇ ನಿಮಿಷ. ‘ಬಾ’ ಅಂದ.

2018ರಲ್ಲಿ ಬಂದ ಹಳೇ ಆಟಗಳ ಸಂಕಲನ ಇಬ್ಬರ ಹತ್ರಾನೂ ಇತ್ತು, ಆನ್‌ಲೈನ್ ಆಡಿದ್ವಿ. ಮೂರೂ ಮ್ಯಾಚ್ ನಾನೇ ಗೆದ್ದೆ. ಹಾಸ್ಟೆಲ್‌ನಲ್ಲಿ ಅದು ಯಾವತ್ತೂ ಆಗಿರಲಿಲ್ಲ. ಉದ್ದ ಕೈ ಚಾಚಿ ನನ್ನ ಹತ್ತಿರಕ್ಕೇ ಬಿಡದೇ ಇದ್ದ ಧಾಲ್ಸಿಮ್ ಮೂಲೇಲಿ ಮುದುಡಿ ಕೂತಿದ್ದ. ಹೆಡ್‌ಫೋನ್‌ನಲ್ಲಿ ಕೇಳಿದೆ: “ಯಾಕೋ, ಬರೀ ಬ್ಲಾಕ್ ಮಾಡ್ತಿದೀಯ?”

ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ, “ಮನೇಲಿ ಇನ್ನೂ ಹೇಳಿಲ್ಲ ಮಗಾ.”

ಏಳು ವಾರದಿಂದ ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಹೊರಟು, ಸಂಜೆ ವಾಪಸ್ ಬರ್ತಿದ್ನಂತೆ. ಅಮ್ಮ ಡಬ್ಬಿ ಕಟ್ಟಿ ಕೊಡ್ತಿದ್ರಂತೆ. ಆ ರಾತ್ರಿ ಎರಡು ಗಂಟೆವರೆಗೂ ಮಾತಾಡಿದ್ವಿ. ನಾನು ದೊಡ್ಡ ಸಲಹೆ ಏನೂ ಕೊಡಲಿಲ್ಲ, ಕೊಡೋಕೆ ಗೊತ್ತೂ ಇರಲಿಲ್ಲ. ಎರಡು ದಿನ ಬಿಟ್ಟು ಮೆಸೇಜ್ ಬಂತು: ‘ಅಪ್ಪಂಗೆ ಹೇಳ್ದೆ. ಊಟ ಮಾಡು ಮೊದ್ಲು ಅಂದ್ರು.’

ಕೆಲಸ ಸಿಗೋಕೆ ಇನ್ನೂ ನಾಲ್ಕು ತಿಂಗಳು ಬೇಕಾಯ್ತು, ಸಂಬಳ ಮೊದಲಿಗಿಂತ ಕಮ್ಮಿ. ಆದ್ರೆ ಭಾನುವಾರ ರಾತ್ರಿ ಹತ್ತಕ್ಕೆ ಆಟ ಮಾತ್ರ ತಪ್ಪಿಲ್ಲ. ವಯಸ್ಸಾಯ್ತು ಅನ್ನೋ ನೆಪವೂ ಇಲ್ಲ: 2023ರ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್‌ಗೆ ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್-ವೂಗೆ ಆಗ 44 ವರ್ಷ.

ನಿಮ್ಮ ಗೆಳೆಯರ ಪಟ್ಟಿಯಲ್ಲೂ ಇತ್ತೀಚೆಗೆ ಬರೀ ಬ್ಲಾಕ್ ಮಾಡ್ತಿರೋ ಒಬ್ಬರು ಇರಬಹುದು. ‘ಹೇಗಿದೀಯ’ ಬೇಡ, ‘ಆಡ್ತೀಯಾ’ ಅಂತ ಕೇಳಿ ನೋಡಿ.

ಅಂದಹಾಗೆ, ಮೊನ್ನೆ ಭಾನುವಾರ ನಾನು 7–3ರಲ್ಲಿ ಸೋತೆ. ಕೀಬೋರ್ಡ್ ಸರಿಯಾಗೇ ಇತ್ತು.