ರಾಜಪಥ ದಾಟಿದ ಮೇಲೆ

1998ರ ಗಣರಾಜ್ಯೋತ್ಸವದಂದು ದೆಹಲಿಯ ರಾಜಪಥದಲ್ಲಿ ಇನ್ಸಾಸ್ ರೈಫಲ್ ಮೊದಲ ಬಾರಿಗೆ ಪರೇಡಿಗೆ ಬಂತು. ಮರುವರ್ಷವೇ ಅದನ್ನು ಹಿಡಿದು ಕಾರ್ಗಿಲ್ ಬೆಟ್ಟ ಹತ್ತಿದ ಸೈನಿಕರಿಂದ ದೂರುಗಳೂ ಬಂದವು: ಚಳಿಗೆ ಪ್ಲಾಸ್ಟಿಕ್ ಮ್ಯಾಗಜಿನ್ ಬಿರುಕು ಬಿಡುತ್ತದೆ, ರೈಫಲ್ ನಡುವೆಯೇ ಸಿಕ್ಕಿಕೊಳ್ಳುತ್ತದೆ.

ಸ್ವದೇಶಿ ರೈಫಲನ್ನು ಹೀಗಳೆಯಬಾರದು ಎನ್ನುವವರು ಇದನ್ನು ಸಣ್ಣ ದೋಷವೆನ್ನುತ್ತಾರೆ. ಶತ್ರು ಎದುರಿಗಿದ್ದಾಗ ಸಣ್ಣ ದೋಷವೆಂಬುದು ಇರುವುದಿಲ್ಲ.

ಅಸಾಲ್ಟ್ ರೈಫಲ್ ಹುಟ್ಟಿದ್ದೇ ರಣರಂಗದ ಅನುಭವದಿಂದ. ಹೆಚ್ಚಿನ ಕಾದಾಟ 300–400 ಮೀಟರ್ ಒಳಗೇ ಮುಗಿಯುತ್ತದೆಂದು ಜರ್ಮನರು ಕಂಡುಕೊಂಡಿದ್ದರು. ಅಷ್ಟು ದೂರಕ್ಕೆ ಹಳೆಯ ರೈಫಲಿನ ಗುಂಡು ಅತಿಯಾಗುತ್ತಿತ್ತು, ಸಬ್‌ಮಷಿನ್ ಗನ್ನಿನದು ಸಾಲುತ್ತಿರಲಿಲ್ಲ. ಎರಡರ ನಡುವಿನ ಗುಂಡಿಗೆ ಹೊಸ ಬಂದೂಕು ಮಾಡಿ, ರಷ್ಯಾದ ರಣರಂಗದಲ್ಲಿ ಪ್ರಯೋಗಿಸಿ, ತಿದ್ದಿದರು. ‘ಸ್ಟುರ್ಮ್‌ಗೆವೆರ್’, ಅಂದರೆ ದಾಳಿಯ ರೈಫಲ್, ಎಂಬ ಹೆಸರು ಬಂದದ್ದು ಆಮೇಲೆ, 1944ರಲ್ಲಿ. ಆ ಸೈನ್ಯದ ಉದ್ದೇಶ ಕ್ರೂರವಾಗಿತ್ತು ನಿಜ. ಆದರೆ ಬಂದೂಕಿನ ಬಗ್ಗೆ ಅದು ಕೇಳಿದ್ದು ಅದನ್ನು ಹಿಡಿದವನ ಮಾತನ್ನು.

ಭಾರತದ ಸೈನಿಕನ ಮಾತು ದೆಹಲಿಗೆ ಪ್ರತಿ ಸಲವೂ ತಡವಾಗಿಯೇ ಮುಟ್ಟಿದೆ. 1962ರಲ್ಲಿ ಅವನ ಕೈಯಲ್ಲಿದ್ದದ್ದು ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕಾದ .303. 1987ರಲ್ಲಿ ಶ್ರೀಲಂಕಾದಲ್ಲಿ ಎಲ್‌ಟಿಟಿಇಯ ಎಕೆ-47ಗಳೆದುರು ಅವನು ಹೊತ್ತದ್ದು ಉದ್ದನೆಯ, ಭಾರದ ಎಸ್‌ಎಲ್‌ಆರ್. ಕಾರ್ಗಿಲ್ ಮೂರನೆಯ ಪಾಠ.

ಈಗ ಅಮೇಠಿಯ ಕೊರ್ವಾದಲ್ಲಿ ಎಕೆ-203 ತಯಾರಾಗುತ್ತಿದೆ. ಅದೂ ಪರೇಡಿಗೆ ಬರಲಿ, ಬೇಡವೆನ್ನುವವರಿಲ್ಲ. ಆದರೆ ರೈಫಲ್ ಒಪ್ಪಿಗೆಯಾಯಿತೆಂಬ ಕೊನೆಯ ಸಹಿ ಸೌತ್ ಬ್ಲಾಕಿನ ಕಡತದ್ದಲ್ಲ, ಹಿಮದಲ್ಲಿ ಅದನ್ನು ಹಿಡಿದು ನಿಂತವನದಾಗಬೇಕು.